ಬಿಳಿ ಪಟ್ಟೆಯ ಮುಂದೆ ನಿಂತ ಕಾರು

ನಮ್ಮ ಯಜಮಾನರನ್ನು ಊರಲ್ಲಿ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ. ಎಲ್ಲರಿಗೂ ಅವರು ಬ್ರೇಕ್ ಮಾಸ್ಟರು. ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಕಲಿಯೋರು ಬಲಗಡೆ ಸ್ಟೀರಿಂಗ್ ಹಿಡಿದು ಕೂತರೆ, ಎಡಗಡೆ ಕಲಿಸೋರ ಕಾಲಿನ ಹತ್ತಿರ ಇನ್ನೊಂದು ಬ್ರೇಕ್ ಇರುತ್ತಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಈ ಮನುಷ್ಯ ಅರ್ಧ ಆಯುಸ್ಸು ಕಳೆದಿದ್ದಾರೆ. ಮನೆಯಲ್ಲಿ ಟಿವಿ ಮುಂದೆ ಕೂತಿದ್ದಾಗ ನಾನು ಸ್ವಲ್ಪ ದನಿ ಏರಿಸಿದರೆ ಸಾಕು, ಬಲಗಾಲು ತಾನಾಗಿ ನೆಲ ಒತ್ತುತ್ತೆ. "ಒತ್ತಿ ಒತ್ತಿ, ನಾನೇನು ನಿಲ್ಲೋ ಗಾಡಿ ಅಲ್ಲ" ಅಂತ ನಾನು ಬೈಯೋದು, ಅವರು ನಗೋದು, ಇದು ಮದುವೆಯಾದಾಗಿಂದ ನಡಕೊಂಡು ಬಂದಿದ್ದು.

ನಮ್ಮ ಸ್ಕೂಲು ಅಂದರೆ ಏನೋ ಅಂದುಕೋಬೇಡಿ. ಒಂದು ಶಟರ್ ಇರೋ ಕೋಣೆ, ಒಂದು ಮೇಜು, ಬಣ್ಣ ಹೋದ ಟ್ರಾಫಿಕ್ ಚಿಹ್ನೆಗಳ ಬೋರ್ಡು, ಮೈಯೆಲ್ಲ ಗೀರು ಬಿದ್ದ ಎರಡು ಕಾರು. ಫೋನು ನನ್ನದು, ಕಾರು ಅವರದು. ಯಾರಿಗೆ ಎಷ್ಟು ಹೊತ್ತಿಗೆ ಪಾಠ ಅಂತ ನಾನು ಹೇಳಬೇಕು, ಅವರು ಕರಕೊಂಡು ಹೋಗಿ ಕೂಗಾಡಬೇಕು. "ಕ್ಲಚ್! ಕ್ಲಚ್ ಅಂದ್ರೆ ಕ್ಲಚ್ ಒತ್ತಮ್ಮಾ, ನನ್ನ ಮುಖ ಏನು ನೋಡ್ತೀಯ!" ಆ ಗಂಟಲು ಬೀದಿಯ ಕೊನೆಗೆ ಕೇಳಿಸುತ್ತೆ. ಊರಲ್ಲಿ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದೇ ಲೈಸೆನ್ಸ್ ತಗೊಂಡಿದ್ದು.

ಇಂಥವರನ್ನು ಯುರೋಪಿಗೆ ಕಳಿಸಿದ ಪುಣ್ಯಾತ್ಮ ನಮ್ಮಣ್ಣ. ಅವನದು ಟೈರ್ ಅಂಗಡಿ. ಹೆಚ್ಚು ಟೈರ್ ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ಪ್ರವಾಸ ಕರಕೊಂಡು ಹೋಗ್ತಾರೆ. ಅವನ ಸರದಿ ಬರೋ ಹೊತ್ತಿಗೆ ಸರಿಯಾಗಿ ಅವನ ಮೊಣಕಾಲು ಕೈಕೊಟ್ಟಿತು. ಅತ್ತಿಗೆ ಅವನನ್ನು ಬಿಟ್ಟು ಹೊಸಿಲು ದಾಟೋಳಲ್ಲ. "ಸೀಟು ಯಾಕೆ ದಂಡ ಮಾಡೋದು, ನೀನೂ ಭಾವನೂ ಹೋಗಿ ಬನ್ನಿ" ಅಂದ. ಬೇಡ ಅನ್ನೋಕೆ ನಮಗೇನು ಹುಚ್ಚೇ?

ಹೋದೆವು. ಅರಮನೆ ನೋಡಿದೆವಂತೆ, ಗೋಪುರ ನೋಡಿದೆವಂತೆ, ಗಾಜಿನ ಮೇಲೆ ಚಿತ್ರ ಬರೆದ ಚರ್ಚು ನೋಡಿದೆವಂತೆ. ನನಗೆ ನೆನಪಿರೋದು ಕಾಲುನೋವು, ಮತ್ತೆ ಕೊಡೆ ಎತ್ತಿ ಹಿಡಿದು ಮುಂದೆ ಮುಂದೆ ಓಡ್ತಿದ್ದ ಗೈಡು. ನಮ್ಮವರು ಅದನ್ನೂ ನೋಡಲಿಲ್ಲ. ಅವರು ನೋಡಿದ್ದು ರಸ್ತೆ.

ಒಂದು ಊರಲ್ಲಿ ನಾನು ಬೂಟಿನ ಅಂಗಡಿಯ ಗಾಜಿನೊಳಗೆ ಕಣ್ಣಿಟ್ಟು ನಿಂತಿದ್ದೆ. ಇವರು ಫುಟ್‌ಪಾತಿನ ಅಂಚಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಎದುರಿಗೆ ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಅಷ್ಟರಲ್ಲಿ ದೊಡ್ಡದೊಂದು ಲಾರಿ ಬಂದು ಪಟ್ಟೆಯ ಮುಂದೆ ತಟಕ್ಕನೆ ನಿಂತಿತು. ಯಾರೋ ಮಂತ್ರಿ ಬರ್ತಿರಬೇಕು ಅಂತ ಇವರು ಹಿಂದೆ ತಿರುಗಿ ನೋಡಿದರು. ಯಾರೂ ಇಲ್ಲ. ಲಾರಿಯ ಡ್ರೈವರು, ಇಷ್ಟು ದಪ್ಪ ಮೀಸೆಯ ಆಸಾಮಿ, ಮೇಲಿಂದ ಕೈ ಬೀಸಿ ದಾಟಿ ಅಂತ ತೋರಿಸಿದ. ಆ ಕಡೆ ಹೋಗೋ ಕೆಲಸವೇ ಇವರಿಗೆ ಇರಲಿಲ್ಲ, ದಾಕ್ಷಿಣ್ಯಕ್ಕೆ ದಾಟಿದರು. ದಾಟಿದ ಮೇಲೆ ವಾಪಸ್ ಬರಬೇಕಲ್ಲ? ಕಾಲಿಟ್ಟರು, ಒಂದು ಕಾರು ನಿಂತಿತು. ಆಮೇಲೆ ಅದೇ ಆಟವಾಯ್ತು. ಆ ಕಡೆ ಹೋಗೋದು, ಈ ಕಡೆ ಬರೋದು. ಬಸ್ಸು ನಿಂತಿತು, ಪೊಲೀಸ್ ಗಾಡಿ ನಿಂತಿತು. "ಏನ್ರೀ ಇದು, ಚಿಕ್ಕ ಮಕ್ಕಳ ಹಾಗೆ! ನಮ್ಮ ಬಸ್ ಹೊರಟುಹೋಗುತ್ತೆ" ಅಂತ ನಾನು ತೋಳು ಹಿಡಿದು ಎಳೆದೆ. ನೋಡಿದರೆ ಕಣ್ಣಲ್ಲಿ ನೀರು.

"ಇಷ್ಟು ವರ್ಷ ರಸ್ತೆಯಲ್ಲೇ ಬದುಕಿದೀನಿ ಕಣೇ. ಒಂದು ದಿನ ಒಬ್ಬ ನನಗೋಸ್ಕರ ಗಾಡಿ ನಿಲ್ಲಿಸಿಲ್ಲ" ಅಂದರು.

ನನಗೆ ನಗು ತಡೆಯೋಕಾಗಲಿಲ್ಲ. ಟೂರಿನವರಿಗೆಲ್ಲ ಹೇಳಿಕೊಂಡು ನಕ್ಕೆ.

ಊರಿಗೆ ವಾಪಸ್ ಬಂದರೆ ಇಲ್ಲಿ ಬೇರೆಯೇ ಗಲಾಟೆ. ಹೊರದೇಶದ ಮಂತ್ರಿಗಳೆಲ್ಲ ಸೇರೋ ದೊಡ್ಡ ಸಭೆ ನಮ್ಮೂರಲ್ಲಿ ನಡೆಯುತ್ತಂತೆ. ಕಂಡಕಂಡ ಗೋಡೆಗೆ ಬಣ್ಣ, ಗುಂಡಿ ಬಿದ್ದ ರಸ್ತೆಗೆ ಟಾರು. ಫುಟ್‌ಪಾತಿನ ಅಂಗಡಿಗಳನ್ನು ನೋಡನೋಡುತ್ತಿದ್ದ ಹಾಗೆ ಎತ್ತಿ ಎಲ್ಲೆಲ್ಲೋ ಸಾಗಿಸಿದರು. ನಮ್ಮ ಮಾರ್ಕೆಟ್ ರಸ್ತೆಗಂತೂ ಹುಟ್ಟಿದಾಗಿಂದ ಕಾಣದ ಬಿಳಿ ಪಟ್ಟೆಗಳು ಬಂದವು. ಸಂಜೆಯಾದರೆ ಟಿವಿಯಲ್ಲಿ ನಾಲ್ಕು ಜನ ಕೂತು, ಟ್ರಾಫಿಕ್ ದಂಡ ಏರಿಸಿದ್ದು ಸರಿಯೋ ತಪ್ಪೋ ಅಂತ ಒಬ್ಬರ ಮೇಲೊಬ್ಬರು ಬೀಳೋರು. ನಮ್ಮವರು ಸೋಫಾದಿಂದಲೇ ಅವರಿಗೆ ಉತ್ತರ ಕೊಡೋರು. "ದಂಡದ ಮಾತು ಬಿಡ್ರೋ, ನಿಲ್ಲಿಸೋದು ಕಲಿಸ್ರೋ!"

"ಅವರಿಗೆ ಕೇಳಿಸಲ್ಲ ರೀ, ನನ್ನ ಕಿವಿ ಮಾತ್ರ ಹೋಗುತ್ತೆ" ಅಂತ ನಾನು.

ಕೇಳಿದರೆ ತಾನೇ? ಪಟ್ಟೆ ಬಂದಿದ್ದು ತಮಗೋಸ್ಕರವೇ ಅನ್ನೋ ಹಾಗೆ ಆಡಿದರು. ಮಾರನೇ ದಿನದಿಂದ ಪಾಠ ಬದಲಾಯಿತು. ಯಾರೇ ಪಟ್ಟೆಯ ಹತ್ತಿರ ನಿಂತಿರಲಿ, ಕಾರು ನಿಲ್ಲಿಸಬೇಕು. ಹಿಂದಿನವರು ಹಾರ್ನ್ ಹೊಡೆದರೂ ಕದಲಬಾರದು. ಮುಖ ನೋಡಿ, ಕೈ ಬೀಸಿ, ದಾಟಿಸಬೇಕು. ಕ್ಷೌರದ ಅಂಗಡಿಯಲ್ಲಿ ಅವರ ಹೆಸರು ಯುರೋಪ್ ಮಾಸ್ಟರ್ ಅಂತ ಆಯಿತು. ಕಲಿಯೋರು ನನಗೆ ಫೋನ್ ಮಾಡಿ ಗೋಳು ಹೇಳ್ಕೊಂಡರು. "ಆಂಟಿ, ಸರ್ ಗಾಡಿ ಓಡಿಸೋದು ಬಿಟ್ಟು ಬರೀ ನಿಲ್ಲಿಸೋದೇ ಕಲಿಸ್ತಿದಾರೆ!" ನಾನು ಅವರ ಪರವೇ ಮಾತಾಡಿದೆ. ಎಷ್ಟಾದರೂ ಗಂಡ. ಜೊತೆಗೆ, ನಿಜ ಹೇಳ್ತೀನಿ, ಆ ದಿನಗಳಲ್ಲಿ ಅವರ ಮುಖ ನೋಡೋಕೆ ಚೆನ್ನಾಗಿತ್ತು. ಇಷ್ಟು ವರ್ಷ ಕೂಗಿ ಕೂಗಿ ಗಂಟುಹಾಕಿಕೊಂಡಿದ್ದ ಹುಬ್ಬು ಸಡಿಲವಾಗಿತ್ತು.

ಆ ಮಧ್ಯಾಹ್ನ ಪಾಠಕ್ಕೆ ಕೂತಿದ್ದು ಬ್ಯಾಂಕಿನ ಕ್ಯಾಷಿಯರಮ್ಮ. ಪುಕ್ಕಲು ಹೆಂಗಸು, ಕಾರು ಶುರುವಾದರೆ ಕಣ್ಣುಮುಚ್ಚಿಕೊಳ್ಳೋಳು. ಮಾರ್ಕೆಟ್ ರಸ್ತೆಯಲ್ಲಿ ಬರ್ತಿದ್ದಾರೆ. ಎಡಗಡೆ ಫುಟ್‌ಪಾತಿನಲ್ಲಿ, ಹೊಸ ಪಟ್ಟೆಯ ಹತ್ತಿರ, ಬಟನ್ ಅಂಗಡಿಯಮ್ಮ ನಿಂತಿದ್ದಾರೆ.

ಅವರ ಬಗ್ಗೆ ಒಂದು ಮಾತು ಹೇಳಬೇಕು. ಬಟನ್, ಜಿಪ್ಪು, ದಾರ, ಇಲಾಸ್ಟಿಕ್ಕು ಇಷ್ಟೇ ಅವರ ಅಂಗಡಿ. ಫುಟ್‌ಪಾತಿನ ಮೇಲೆ ಒಂದು ಮರದ ಪೆಟ್ಟಿಗೆ, ಮೇಲೊಂದು ದೊಡ್ಡ ಕೊಡೆ. ನಾವು ಅಂಗಿ ತಗೊಂಡು ಹೋಗಿ ತೋರಿಸಿದರೆ ಡಬ್ಬಿಯೊಳಗೆ ಕೈಯಾಡಿಸಿ ಅದಕ್ಕೆ ಜೊತೆಯ ಬಟನ್ ತೆಗೆಯೋರು, ಸಿಗದಿದ್ದರೆ ತಮ್ಮದೇ ತಪ್ಪು ಅನ್ನೋ ಹಾಗೆ ಮುಖ ಸಣ್ಣಗೆ ಮಾಡ್ಕೊಳ್ಳೋರು. ಗಂಡ ಇಲ್ಲ, ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸಭೆಯ ನೆಪದಲ್ಲಿ ಆಕೆಯ ಪೆಟ್ಟಿಗೆಯನ್ನೂ ಎತ್ತಿ ರಸ್ತೆಯ ಆ ಬದಿಯ ಓಣಿಗೆ ಹಾಕಿದ್ದರು. ಹಾಗಾಗಿ ಬಸ್ಸಿಳಿದು ಆ ಅಗಲದ ರಸ್ತೆ ದಾಟೋ ಹಣೆಬರಹ ಹೊಸದಾಗಿ ಬಂದಿತ್ತು.

ಮುಂದಿನದನ್ನು ನಮ್ಮವರೂ ಹೇಳಿದ್ದಾರೆ, ಕ್ಯಾಷಿಯರಮ್ಮನೂ ಅತ್ತುಕೊಂಡು ಹೇಳಿದ್ದಾರೆ. ಎರಡೂ ಒಂದೇ.

ಇವರು ತಮ್ಮ ಬ್ರೇಕ್ ಒತ್ತಿದರು. ಕಾರು ಪಟ್ಟೆಯ ಮುಂದೆ ನಿಂತಿತು. ಕಿಟಕಿಯಿಂದ ಕೈ ಹೊರಗೆ ಹಾಕಿ, "ಬನ್ನಿ ಅಮ್ಮಾ, ಬನ್ನಿ" ಅಂತ ಬೀಸಿದರು. ಬಟನ್ ಅಂಗಡಿಯಮ್ಮ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೀತಿದಾರೆ ಅಂತ. ಆಮೇಲೆ ಎದೆ ಮೇಲೆ ಬೆರಳಿಟ್ಟು "ನಾನಾ?" ಅಂತ ಕೇಳಿದರು. ಇವರು ನಕ್ಕು, "ನೀವೇ. ಏನೂ ಅವಸರ ಇಲ್ಲ, ನಿಧಾನಕ್ಕೆ ಬನ್ನಿ" ಅಂದರು. ಆಕೆ ಕಂಕುಳಲ್ಲಿದ್ದ ಗಂಟನ್ನು ಸರಿಮಾಡಿಕೊಂಡು ಇಳಿದರು. ಕಾರಿನ ಮುಂದೆ ಬಂದಾಗ ಇವರ ಕಡೆ ನೋಡಿ ಒಂದು ನಗೆ ನಕ್ಕರಂತೆ. ಕ್ಯಾಷಿಯರಮ್ಮನನ್ನೂ ದಾಟಿ ಇನ್ನೊಂದು ಹೆಜ್ಜೆ ಇಟ್ಟರು.

ಹಿಂದೆ ಬ್ರೆಡ್ ವ್ಯಾನ್ ಬರ್ತಿತ್ತು. ಅದರ ಡ್ರೈವರಿಗೆ ಕಂಡಿದ್ದು ರಸ್ತೆ ಮಧ್ಯೆ ನಿಂತ ಎಲ್ ಬೋರ್ಡ್ ಕಾರು. ಎಲ್ ಬೋರ್ಡ್ ಕಾರು ನಿಂತಿದೆ ಅಂದರೆ ನಮ್ಮೂರಲ್ಲಿ ಒಂದೇ ಅರ್ಥ, ಕಲಿಯೋರು ಕ್ಲಚ್ ಬಿಟ್ಟಿದ್ದಾರೆ, ಇಂಜಿನ್ ಆಫ್ ಆಗಿದೆ. ಅವನು ಹಾರ್ನ್ ಒತ್ತಿದ, ಬಲಗಡೆಯಿಂದ ಮುಂದೆ ಬಂದ.

ಅಯ್ಯೋ, ಆ ಶಬ್ದ ನನಗೆ ಕೇಳಿಸಿಲ್ಲ. ಇವರಿಗೆ ಇವತ್ತಿಗೂ ಕೇಳಿಸುತ್ತಂತೆ. ರಸ್ತೆ ತುಂಬ ಬಟನ್ನು ಚೆಲ್ಲಿತ್ತಂತೆ. ಇವರೇ ಆಕೆಯನ್ನು ಎತ್ತಿ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದರು. ವ್ಯಾನಿನವನು ಓಡಿಹೋಗಲಿಲ್ಲ. ಪಟ್ಟೆಯ ಮೇಲೇ ತಲೆ ಮೇಲೆ ಕೈಹೊತ್ತು ಕೂತಿದ್ದವನನ್ನು ಪೊಲೀಸರು ಎಬ್ಬಿಸಿ ಕರಕೊಂಡು ಹೋದರು.

ಮನೆಗೆ ಬಂದಾಗ ಇವರ ಅಂಗಿಯೆಲ್ಲ ರಕ್ತ. "ನಿಮಗೇನಾಯ್ತು ರೀ?" ಅಂತ ಮೈಯೆಲ್ಲ ತಡವಿದೆ. "ನನಗೇನೂ ಆಗಿಲ್ಲ. ನಾನು ಕರೆದೆ, ಅವರು ಬಂದರು" ಅಂದರು. ಆ ದಿನ ಇಷ್ಟೇ ಮಾತು. ಬಟನ್ ಅಂಗಡಿಯಮ್ಮನ ತಲೆಗೆ ಏಟು ಬಿದ್ದಿತ್ತು. ಆಪರೇಷನ್ ಆಯಿತು. ಜೀವ ಇದೆ, ಎಚ್ಚರ ಇಲ್ಲ, ಉಳಿಯೋದು ಕಷ್ಟ, ಕಾದು ನೋಡಬೇಕು ಅಂದರು ಡಾಕ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾವು ಅತ್ತುಕೊಂಡು ಸುಮ್ಮನಿರುತ್ತಿದ್ದೆವೇನೋ. ಆದರೆ ಯಾವುದೋ ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲ ಸೆರೆಯಾಗಿತ್ತು. ಆ ಚಿತ್ರ ಎಲ್ಲರ ಮೊಬೈಲಿಗೂ ಬಂತು. ರಸ್ತೆ ತುಂಬ ವಾಹನ ಹರಿಯುತ್ತಿದೆ, ಪಟ್ಟೆಯ ಮುಂದೆ ನಿಂತದ್ದು ಒಂದೇ ಒಂದು ಕಾರು, ಅದೂ ಎಲ್ ಬೋರ್ಡಿನದು. ಕ್ಯಾಮೆರಾ ಇದ್ದದ್ದು ಬಲಗಡೆಯ ಮೂಲೆಯಲ್ಲಿ, ಇವರ ಕೈ ಅದರಲ್ಲಿ ಕಾಣಲಿಲ್ಲ. ಸಭೆ ಹತ್ತಿರ ಬಂದಿತ್ತು, ಟಿವಿಯವರಿಗೆ ಇಂಥದ್ದೇ ಬೇಕಿತ್ತು. ಯುರೋಪಿಗೆ ಹೋಗಿ ಶಿಸ್ತು ಕಲಿತು ಬಂದ ಮೇಷ್ಟ್ರು! ನಮ್ಮ ಶಟರಿನ ಮುಂದೆ ಮೈಕ್ ಹಿಡಿದುಕೊಂಡು ಒಂದು ಹುಡುಗಿ ಬಂದಳು.

"ಸರ್, ಎಲ್ಲರೂ ನಿಮ್ಮ ಹಾಗೆ ನಿಲ್ಲಿಸಿದ್ದರೆ ಈ ದುರಂತ ಆಗ್ತಿರಲಿಲ್ಲ ಅಲ್ವಾ?"

"ನಾನೂ ನಿಲ್ಲಿಸದೇ ಇದ್ದಿದ್ದರೆ ಆಗ್ತಿರಲಿಲ್ಲಮ್ಮ" ಅಂದರು ಇವರು. "ಆಕೆ ಹೋಗದೆ ನಿಂತಿದ್ದರು. ಕರೆದವನು ನಾನು."

ಹುಡುಗಿ ಮೈಕು ಕೆಳಗಿಳಿಸಿದಳು. "ಅದೆಲ್ಲ ಬೇಡ ಸರ್, ಜನಕ್ಕೆ ಕನ್‌ಫ್ಯೂಸ್ ಆಗುತ್ತೆ. ಯುರೋಪಿನಲ್ಲಿ ಏನು ನೋಡಿದ್ರಿ, ಅದನ್ನು ಹೇಳಿ."

ಇವರು ತಿರುಗಿ ಒಳಗೆ ಹೋಗಿ ಕೂತರು. ಆಕೆ ತಾನೇ ಏನೇನೋ ಹೇಳಿಕೊಂಡು ಹೋದಳು. ಆ ಸಂಜೆ ಅದೇ ನಾಲ್ಕು ಜನ ಟಿವಿಯಲ್ಲಿ ಕೂತು ನಮ್ಮ ಯಜಮಾನರನ್ನು ಹೊಗಳಿದರು, ವ್ಯಾನ್ ಡ್ರೈವರಿಗೆ ಜೀವಾವಧಿ ಆಗಬೇಕು ಅಂತ ಮೇಜು ಗುದ್ದಿದರು. ಇವರು ಎದ್ದು ಟಿವಿಯ ವೈರು ಕಿತ್ತು ಹಾಕಿದರು. ಇವತ್ತಿಗೂ ಅದು ಹಾಗೇ ಇದೆ.

ಫೋನು ಮಾತ್ರ ಬಿಡುವಿಲ್ಲದೆ ಬಡಕೊಂಡಿತು. ಮಾಸ್ಟರ ಹತ್ತಿರವೇ ಕಲಿಯಬೇಕು ಅಂತ ಜನ. ನಮ್ಮಣ್ಣ ಬಂದು, "ಭಾವಾ, ಕೈ ಬೀಸಿದೆ ಅಂತ ಎಲ್ಲರ ಹತ್ತಿರ ಯಾಕೆ ಹೇಳ್ತೀರಾ? ನೀವು ಮಾಡಿದ್ದು ಒಳ್ಳೇದೇ ತಾನೇ?" ಅಂದ. ನಾನಂತೂ ಕೈಮುಗಿದೆ. "ಬಾಯಿಗೆ ಬೀಗ ಹಾಕ್ಕೊಳ್ರೀ. ಆಕೆಗೆ ಏನಾದರೂ ಆದರೆ ನಾಳೆ ಇದೇ ಜನ ನಮ್ಮ ಮೇಲೆ ತಿರುಗಿ ಬೀಳ್ತಾರೆ." ಅವರು ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು. ಅಂಥಾ ಗಂಟಲಿನ ಮನುಷ್ಯ ಪಿಸುಗುಟ್ಟೋದು ಕಲಿತುಬಿಟ್ಟಿದ್ದರು.

ಪಾಠ ನಿಂತಿತು. ಪ್ರತಿದಿನ ಆಸ್ಪತ್ರೆಗೆ ಹೋಗಿ ಐಸಿಯು ಮುಂದಿನ ಬೆಂಚಿನಲ್ಲಿ ಕೂರೋರು. ಅಲ್ಲಿ ಆ ಮಗಳು. ಪಾಪ, ಅವಳಿಗೆ ಬೇರೆ ಯಾರಿದ್ದಾರೆ? ಇವರನ್ನು ಅಂಕಲ್ ಅಂಕಲ್ ಅಂತ ಹಚ್ಚಿಕೊಂಡಳು. ಯಂತ್ರದಿಂದ ಕಾಗದದ ಲೋಟದಲ್ಲಿ ಚಹಾ ಹಿಡಿದು ತಂದುಕೊಡೋಳು. ಬಂದುಹೋಗೋರಿಗೆಲ್ಲ, "ಇಡೀ ರಸ್ತೆಯಲ್ಲಿ ನಮ್ಮಮ್ಮನಿಗೋಸ್ಕರ ನಿಲ್ಲಿಸಿದ್ದು ಇವರೊಬ್ಬರೇ" ಅಂತ ತೋರಿಸೋಳು. ಇವರು ತಲೆ ಬಗ್ಗಿಸಿಕೊಂಡು ಕೂರೋರು. ಜನ ಅದನ್ನು ವಿನಯ ಅಂದುಕೊಂಡರು. ನಾನು ಊಟದ ಡಬ್ಬಿ ತಗೊಂಡು ಹೋದಾಗಲೆಲ್ಲ ಇದನ್ನು ನೋಡಿ, ಇವಳ ಹತ್ತಿರ ಮಾತ್ರ ಹೇಳಬೇಡಿ ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ನಮ್ಮ ಮನೆಗೆ ಒಬ್ಬ ಹೆಂಗಸು ಬಂದಳು. ಬ್ರೆಡ್ ವ್ಯಾನ್ ಡ್ರೈವರಿನ ಹೆಂಡತಿ. ಬಾಗಿಲಲ್ಲೇ ನಿಂತಳು, ಒಳಗೆ ಬಾ ಅಂದರೂ ಬರಲಿಲ್ಲ.

"ಅಕ್ಕಾ, ನನ್ನ ಗಂಡನನ್ನು ಬಿಡಿಸಿ ಅಂತ ಕೇಳೋಕೆ ಬಂದಿಲ್ಲ. ಟಿವಿಯಲ್ಲಿ ಕುಡಿದಿದ್ದ ಅಂತಾರೆ, ಕಟುಕ ಅಂತಾರೆ. ಅವರು ಕುಡಿಯೋರಲ್ಲ. ಅವರೂ ನಿಮ್ಮ ಮಾಸ್ಟರ ಹತ್ತಿರವೇ ಕಲಿತಿದ್ದು. ಮುಂದಿನ ಗಾಡಿ ಸುಮ್ಮನೆ ನಿಂತರೆ ಅದರ ಹಿಂದೆ ನಿಂತು ಮುದುಕ ಆಗಬೇಡ, ಹಾರ್ನ್ ಒತ್ತು, ಬಲಗಡೆಯಿಂದ ನುಗ್ಗು ಅಂತ ಮಾಸ್ಟರೇ ಹೇಳಿಕೊಟ್ಟಿದ್ದು ಅಂತ ಅಳ್ತಾರೆ. ಇದನ್ನು ಯಾರಿಗೂ ಹೇಳಬೇಡ, ಮಾಸ್ಟರಿಗೆ ಅವಮಾನ ಆಗುತ್ತೆ ಅಂತಾನೂ ಹೇಳಿದಾರೆ. ನನಗೇ ತಡೆಯೋಕಾಗಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಏನು ಧೈರ್ಯ ಇವಳಿಗೆ! ಒಂದು ಸರಿಯಾಗಿ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಇವರು ಒಳಗಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಹೌದಮ್ಮ. ನಾನೇ ಹೇಳಿಕೊಟ್ಟಿದ್ದು. ಅವನಿಗೊಬ್ಬನಿಗೇ ಅಲ್ಲ, ಎಲ್ಲರಿಗೂ ಹೇಳಿಕೊಟ್ಟಿದೀನಿ" ಅಂದರು. ಚಪ್ಪಲಿ ಮೆಟ್ಟಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ ಓಡಿದೆ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಕೂರಿಸಿ ಎಲ್ಲ ಕೇಳಿದರು. ನಾನು ಕರೆದೆ, ಕರೆಯೋ ಮುಂಚೆ ಹಿಂದೆ ಏನು ಬರ್ತಿದೆ ಅಂತ ಕನ್ನಡಿ ನೋಡಲಿಲ್ಲ, ಆ ಹುಡುಗನಿಗೆ ನುಗ್ಗು ಅಂತ ಕಲಿಸಿದ್ದೂ ನಾನೇ, ಬರ್ಕೊಳ್ಳಿ ಸಾರ್, ನನ್ನನ್ನೂ ಒಳಗೆ ಹಾಕಿ ಅಂತ ಇವರು ಮೇಜಿನ ಅಂಚು ಹಿಡಿದುಕೊಂಡು ಹೇಳಿದರು. ಇನ್ಸ್‌ಪೆಕ್ಟರು ನಕ್ಕರು.

"ಮಾಸ್ಟ್ರೇ, ನನಗೂ ನೀವೇ ಕಲಿಸಿದ್ದು, ಮರೆತ್ರಾ? ಹಾಗಂತ ನಾನು ಮಾಡೋದಕ್ಕೆಲ್ಲ ನಿಮ್ಮನ್ನು ಹಿಡಿಯೋಕಾಗುತ್ತಾ? ದಾಟಿ ಅಂತ ಕೈ ಬೀಸೋದು ಯಾವ ಕಾನೂನಲ್ಲೂ ಅಪರಾಧ ಅಲ್ಲ. ಅವನು ಕುಡಿದಿರಲಿಲ್ಲ ಅನ್ನೋದು ಪರೀಕ್ಷೆಯಲ್ಲೇ ಗೊತ್ತಾಗಿದೆ, ಅದು ಕೋರ್ಟಿಗೂ ಹೋಗುತ್ತೆ. ನೀವು ಮನೆಗೆ ಹೋಗಿ ನಿದ್ದೆ ಮಾಡಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನ್ನ ತಪ್ಪನ್ನ ಯಾರೂ ತಗೊಳ್ತಿಲ್ಲ ಕಣೇ. ಯಾರಿಗೆ ಕೊಟ್ಟರೂ ವಾಪಸ್ ಕೊಡ್ತಾರೆ" ಅಂದರು. ಅವರು ಅತ್ತಿದ್ದನ್ನು ನಾನು ಹಿಂದೆ ಕಂಡಿದ್ದೆ, ಹೀಗೆ ಬಾಯಿಬಿಟ್ಟು ಅತ್ತಿದ್ದು ಕಂಡಿರಲಿಲ್ಲ. ಹೋಗಿಬರೋರೆಲ್ಲ ನೋಡಿದರು. ನೋಡಿದರೆ ನೋಡಲಿ, ಹಾಳಾಗಿ ಹೋಗಲಿ ಅಂತ ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಅವತ್ತು ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ, ಆ ಹುಡುಗಿ ಒಬ್ಬಳೇ. ರಾತ್ರಿಯೆಲ್ಲ ಜ್ವರ ಏರಿತ್ತಂತೆ ತಾಯಿಗೆ. ಇವರಿಗೆ ಜಾಗ ಬಿಟ್ಟು ಸರಿದು ಕೂತಳು. ಗೋಡೆ ನೋಡಿಕೊಂಡೇ, ತನ್ನಷ್ಟಕ್ಕೆ ಅನ್ನೋ ಹಾಗೆ ಅಂದಳು.

"ಒಂದು ಮಾತ್ರ ನನಗೆ ಅರ್ಥವಾಗಲ್ಲ ಅಂಕಲ್. ನಮ್ಮಮ್ಮ ಯಾವತ್ತೂ ರಸ್ತೆ ನಡಕೊಂಡು ದಾಟಿದವಳಲ್ಲ. ಒಂದೇ ಉಸಿರಿಗೆ ಓಡೋಳು. ನನ್ನ ಕೈ ಹಿಡಿದು ದರದರ ಎಳಕೊಂಡು ಓಡೋಳು, ಬಿದ್ದು ಮಂಡಿ ತರಚಿಕೊಂಡರೂ ಬಿಡ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತು. ಆ ವಿಡಿಯೋದಲ್ಲಿ ನೋಡಿದರೆ ನಡೀತಿದಾಳೆ. ಪಾರ್ಕಿನಲ್ಲಿ ನಡೆಯೋ ಹಾಗೆ. ಅವತ್ತು ಯಾಕೆ ಓಡಲಿಲ್ಲ?"

ನಾನು ಇವರ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದದ್ದು ಯಾಕೆ ಅಂತ ಅವರಿಗೂ ಗೊತ್ತಿತ್ತು. ಮೆಲ್ಲಗೆ ನನ್ನ ಬೆರಳು ಬಿಡಿಸಿದರು.

"ನಾನು ಹೇಳಿದ್ದಕ್ಕಮ್ಮ" ಅಂದರು. "ಆಕೆ ದಾಟೋಕೆ ಹೊರಟಿರಲಿಲ್ಲ. ನಾನು ಕೈ ಬೀಸಿ ಕರೆದೆ. ನನ್ನನ್ನೇನಾ ಅಂತ ಕೇಳಿದರು. ನಿಮ್ಮನ್ನೇ, ಅವಸರ ಇಲ್ಲ, ನಿಧಾನಕ್ಕೆ ಬನ್ನಿ ಅಂದೆ. ನನ್ನನ್ನು ನಂಬಿ ನಿಧಾನಕ್ಕೆ ಬಂದರು."

ಹುಡುಗಿ ಗೋಡೆಯಿಂದ ಕಣ್ಣು ಕಿತ್ತು ಇವರ ಕಡೆ ತಿರುಗಿದಳು.

"ಹಿಂದೆ ಏನು ಬರ್ತಿದೆ ಅಂತ ನೋಡಿದ್ರಾ?"

"ಇಲ್ಲ."

"ಎಲ್ಲರಿಗೂ ಡ್ರೈವಿಂಗ್ ಕಲಿಸ್ತೀರಲ್ಲ ಅಂಕಲ್. ನೋಡಲಿಲ್ವಾ?"

"ಯುರೋಪಿನಲ್ಲಿ ಒಬ್ಬರು ನಿಂತರೆ ಎಲ್ಲರೂ ನಿಲ್ತಿದ್ದರು. ಹಿಂದೆ ನೋಡೋ ಅಗತ್ಯವೇ ಇರಲಿಲ್ಲ. ಇಲ್ಲೂ ಹಾಗೇ ಅಂತ... ಆ ಗಳಿಗೆಯಲ್ಲಿ ಹಾಗೇ ಅನ್ನಿಸಿಬಿಟ್ಟಿತ್ತಮ್ಮ."

ಅವಳು ಎದ್ದು ನಿಂತಳು. ಹೊಡೀತಾಳೆ ಅಂದುಕೊಂಡೆ. ಹೊಡೆದರೆ ಅಡ್ಡ ಹೋಗಬಾರದು ಅಂತಲೂ ಅಂದುಕೊಂಡೆ. ಅಷ್ಟು ದಿನ ತಾನೇ ಕೈಯಾರೆ ಚಹಾ ಕೊಟ್ಟ ಮನುಷ್ಯನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

ಅಷ್ಟರಲ್ಲಿ ನರ್ಸು ಬಾಗಿಲು ತೆಗೆದು, "ಒಬ್ಬರು ಬನ್ನಿ. ಸ್ವಲ್ಪ ಹೊತ್ತು ಮಾತಾಡಿಸಿ. ಉತ್ತರ ಕೊಡಲ್ಲ ಅಂತ ಸುಮ್ಮನಾಗಬೇಡಿ, ಕೇಳಿಸ್ತಿರಬಹುದು" ಅಂದಳು. ಇದು ದಿನವೂ ಹೇಳೋ ಮಾತು. ದಿನವೂ ಮಗಳೇ ಒಳಗೆ ಹೋಗಿ, ಅಮ್ಮಾ ಅಮ್ಮಾ ಅಂತ ಕರೆದು, ಮುಖ ಒರೆಸಿಕೊಂಡು ಬರೋಳು.

ಅವತ್ತು ಅವಳು ಹೋಗಲಿಲ್ಲ. ಇವರ ಅಂಗಿಯ ತೋಳು ಹಿಡಿದು ಎಬ್ಬಿಸಿದಳು. ಬಾಗಿಲ ತನಕ ಎಳಕೊಂಡು ಹೋದಳು. ನರ್ಸು ಬೇಡ ಅನ್ನೋಕೆ ಹೋದವಳು ಹುಡುಗಿಯ ಮುಖ ನೋಡಿ ಪಕ್ಕಕ್ಕೆ ಸರಿದಳು. ಇವರು ಹಸಿರು ಮೇಲಂಗಿ ಹಾಕಿಕೊಂಡು ಒಳಗೆ ಹೋದರು. ನಾನೂ ಹುಡುಗಿಯೂ ಬಾಗಿಲಲ್ಲಿ ನಿಂತೆವು. ಮಂಚದ ಮೇಲೆ ಬಟನ್ ಅಂಗಡಿಯಮ್ಮ ಇಷ್ಟೇ ಇಷ್ಟು ಆಗಿಹೋಗಿದ್ದರು. ತಲೆಗೆ ಬ್ಯಾಂಡೇಜು, ಬಾಯಿಗೆ ಕೊಳವೆ. ಇವರು ಮಂಚದ ಕಂಬಿ ಹಿಡಿದು ನಿಂತರು. ಹಿಂತಿರುಗಿ ನಮ್ಮ ಕಡೆ ನೋಡಿದರು. ನನಗೆ ಆಗಲ್ಲ ಅಂತ ತಲೆಯಾಡಿಸಿದರು.

ಹುಡುಗಿ ಬಾಗಿಲಿಂದಲೇ ಕೂಗಿದಳು. ಐಸಿಯು ಅನ್ನೋದನ್ನೂ ಮರೆತು ಕೂಗಿದಳು.

"ನಾನು ಇಷ್ಟು ದಿನ ಕರೆದೆ, ನನ್ನ ಮಾತಿಗೆ ಬರಲಿಲ್ಲ. ನಿಮ್ಮ ಮಾತಿಗೆ ಬಂದಳಲ್ಲ ಅವತ್ತು? ಕರೀರಿ! ಈಗಲೂ ನೀವೇ ಕರೀರಿ!"

ಇವರು ತಿರುಗಿದರು. ಕಂಬಿ ಬಿಟ್ಟು ಆಕೆಯ ಕಿವಿಯ ಹತ್ತಿರ ಬಗ್ಗಿದರು. "ಬನ್ನಿ ಅಮ್ಮಾ" ಅಂದರು. ದನಿ ಸೀಳಿ ಬಂತು. "ಬನ್ನಿ. ನೀವೇ. ನಿಮ್ಮನ್ನೇ ಕರೀತಿರೋದು. ಈ ಸಲ ನಾನು ನೋಡ್ತಾ ಇದೀನಿ, ಎಲ್ಲ ಕಡೆ ನೋಡ್ತಾ ಇದೀನಿ, ಬನ್ನಿ."

ಆಕೆ ಕಣ್ಣು ಬಿಡಲಿಲ್ಲ. ಹೊತ್ತು ಮುಗಿಯಿತು ಅಂತ ನರ್ಸು ಭುಜ ಮುಟ್ಟಿದಳು, ಮತ್ತೆ ಮುಟ್ಟಿದಳು. ಇವರು ಕರೆಯೋದು ನಿಲ್ಲಿಸಲಿಲ್ಲ. ಹುಡುಗಿ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಸಮಾಧಾನ ಮಾಡೋಕೆ ನಾನು ಕೈಚಾಚಿದರೆ ತಳ್ಳಿದಳು.

ಆಮೇಲಿಂದ ಅವಳು ನಮ್ಮ ಹತ್ತಿರ ಒಂದು ಮಾತೂ ಆಡಿಲ್ಲ, ಬರಬೇಡಿ ಅಂತಲೂ ಅಂದಿಲ್ಲ. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾವು. ನರ್ಸು ಬಾಗಿಲು ತೆಗೆದ ಕೂಡಲೇ ಮೊದಲು ಅವಳು ಹೋಗ್ತಾಳೆ. ಹೊರಗೆ ಬಂದು, ಇವರ ಮುಖ ನೋಡದೆ, ಬಾಗಿಲು ಮುಚ್ಚದ ಹಾಗೆ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಇವರು ಎದ್ದು ಒಳಗೆ ಹೋಗ್ತಾರೆ.